ಹದ್ದು ನಮ್ಮೂರಲ್ಲಿ, ಹೊತ್ತಿಗೆ ಪರವೂರಲ್ಲಿ

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಮು ಓದಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಯಾವ ರಾಜ್ಯದ ಪಾಲಾದವು ಎಂಬುದು ಒಂದೇ ಸಾಲಿನಲ್ಲಿ ತಿಳಿದುಬಿಡುತ್ತದೆ. ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ, ಅದರ ಜೊತೆಗೆ ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಹೊಸ ಮೈಸೂರು ರಾಜ್ಯಕ್ಕೆ ಬಂದವು. ಅಷ್ಟೇ. ಬಿಜಾಪುರ ಎಲ್ಲಿಗೆ ಮುಗಿಯುತ್ತದೆ, ಸೋಲಾಪುರ ಎಲ್ಲಿಂದ ಮೊದಲಾಗುತ್ತದೆ, ಭೀಮಾ ನದಿಯ ನಡುನೀರು ಯಾರದು ಎಂಬ ಬಗ್ಗೆ ಅಲ್ಲಿ ಚಕಾರವಿಲ್ಲ. ಅಂದು ಜಿಲ್ಲೆ ಎಷ್ಟಿತ್ತೋ ಅಷ್ಟು ಎಂದು ಬಗೆದು ಕಾಯ್ದೆ ಮುಂದಕ್ಕೆ ಹೋಗುತ್ತದೆ.

ಹಾಗಾದರೆ ಅಂದು ಎಷ್ಟಿತ್ತು? ಈ ಪ್ರಶ್ನೆ ಹಿಡಿದು ಹೊರಟವರು ಒಂದು ಪುಸ್ತಕದಿಂದ ಅದರ ಹಿಂದಿನ ಪುಸ್ತಕಕ್ಕೆ, ಅಲ್ಲಿಂದ ಒಪ್ಪಂದಗಳ ಸಂಪುಟಕ್ಕೆ, ಅಲ್ಲಿಂದ ನಕಾಶೆಗೆ, ಕೊನೆಗೆ ಹೊಲದ ಬದುವಿನಲ್ಲಿ ಹುಗಿದ ಕಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ದೇಶದೇಶಗಳ ನಡುವಿನ ಭೂಗಡಿಯನ್ನು ಅಭ್ಯಾಸ ಮಾಡುವವರೂ ನಡೆಯುವುದು ಇದೇ ದಾರಿಯಲ್ಲಿ. ಇಂದು ವಿಜಯಪುರ ಎನಿಸಿಕೊಂಡಿರುವ ಬಿಜಾಪುರ ಜಿಲ್ಲೆಯ ಉತ್ತರ, ಪೂರ್ವದ ಅಂಚುಗಳು ಒಂದು ಕಾಲಕ್ಕೆ ಎರಡು ಸರಕಾರಗಳ, ಎರಡು ನಾಣ್ಯಗಳ, ಎರಡು ಅಂಚೆಗಳ ನಡುವಿನ ಗಡಿಯೇ ಆಗಿದ್ದವು. ಆ ಗಡಿಯ ಕಥೆ ಹೇಳುವ ಆಕರ ಗ್ರಂಥಗಳು ಪುಣೆಯಲ್ಲಿವೆ, ಮುಂಬಯಿಯಲ್ಲಿವೆ, ಹೈದರಾಬಾದಿನಲ್ಲಿವೆ, ಬೆಂಗಳೂರಿನಲ್ಲಿವೆ. ಗಡಿಯ ಮೇಲೇ ಬದುಕುವ ಇಂಡಿಯ ಪದವಿ ವಿದ್ಯಾರ್ಥಿಗೋ ಸಿಂದಗಿಯ ವಕೀಲರಿಗೋ ಅವು ಕೈಗೆಟುಕುವಂತೆ ಮಾಡುವ ಕೆಲಸ ಇನ್ನೂ ಆಗಬೇಕಿದೆ.

ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 23ನೇ ಸಂಪುಟ. ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದಲ್ಲಿ 1884ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಈ ಸಂಪುಟ ಇಡಿಯಾಗಿ ಬಿಜಾಪುರಕ್ಕೇ ಮೀಸಲು. ಮಣ್ಣು, ಮಳೆ, ಬರ, ಜಾತಿ, ವ್ಯಾಪಾರ, ಊರು ಎಲ್ಲವೂ ಇರುವ ದಪ್ಪ ಗ್ರಂಥ. ಆ ಕಾಲದ ಗೆಜೆಟಿಯರುಗಳು ಜಿಲ್ಲೆಗೆ ಕೊಡುವ ಚೆಕ್ಕುಬಂದಿಯನ್ನು ಒಮ್ಮೆ ನೋಡಬೇಕು. ಬಡಗಣಕ್ಕೆ ಭೀಮಾ, ಅದರಾಚೆ ಸೋಲಾಪುರ ಜಿಲ್ಲೆ ಮತ್ತು ಅಕ್ಕಲಕೋಟ ಸಂಸ್ಥಾನ. ಮೂಡಣಕ್ಕೆ, ಆಗ್ನೇಯಕ್ಕೆ ನಿಜಾಮನ ಸೀಮೆ. ತೆಂಕಣಕ್ಕೆ ಮಲಪ್ರಭೆ, ಅದರಾಚೆ ಧಾರವಾಡ ಜಿಲ್ಲೆ ಮತ್ತು ರಾಮದುರ್ಗ ಸಂಸ್ಥಾನ. ಪಡುವಣಕ್ಕೆ ಮುಧೋಳ, ಜಮಖಂಡಿ, ಜತ್ತ. ಎಂಟು ತಾಲ್ಲೂಕುಗಳ ಆ ಜಿಲ್ಲೆಯ ನೆರೆಹೊರೆಯಲ್ಲಿ ಬ್ರಿಟಿಷ್ ಜಿಲ್ಲೆಗಳಿಗಿಂತ ಸಂಸ್ಥಾನಗಳೇ ಹೆಚ್ಚು. ಹೊಲ ದಾಟಿದರೆ, ಹೊಳೆ ದಾಟಿದರೆ, ಕಾನೂನೇ ಬೇರೆ.

ಗೆಜೆಟಿಯರ್ ಹುಡುಕುವವರು ಹೆಸರುಗಳ ತೊಡಕನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 1864ರಲ್ಲಿ ಇದು ಹುಟ್ಟಿದ್ದು ಕಲಾದಗಿ ಜಿಲ್ಲೆಯಾಗಿ. ಕಚೇರಿಗಳು ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಹೀಗಾಗಿ 1864ರಿಂದ 1884ರವರೆಗಿನ ಕಡತಗಳು ಗ್ರಂಥಾಲಯಗಳ ಸೂಚಿಯಲ್ಲಿ ಬಿಜಾಪುರ ಎಂದು ಹುಡುಕಿದರೆ ಕಾಣಿಸುವುದೇ ಇಲ್ಲ, ಕಲಾದಗಿ ಎಂದು ಹುಡುಕಬೇಕು. ಬಸವನ ಬಾಗೇವಾಡಿ ಹಳೆಯ ದಾಖಲೆಗಳಲ್ಲಿ ಬರೀ ಬಾಗೇವಾಡಿ. ಸುರಪುರ ಶೋರಾಪುರವಾಗಿರುತ್ತದೆ. ಇನ್ನೊಂದು ತೊಡಕು ಹೊಸದು. ಹಳೆಯ ಪುಸ್ತಕ ಇಂಡಿ ತಾಲ್ಲೂಕು ಎಂದಾಗ ಅದರೊಳಗೆ ಇಂದಿನ ಚಡಚಣವೂ ಸೇರಿರುತ್ತದೆ. ಸಿಂದಗಿ ಎಂದರೆ ಆಲಮೇಲ, ದೇವರ ಹಿಪ್ಪರಗಿ. ಮುದ್ದೇಬಿಹಾಳ ಎಂದರೆ ತಾಳಿಕೋಟೆ. ಬಾಗೇವಾಡಿ ಎಂದರೆ ನಿಡಗುಂದಿ, ಕೊಲ್ಹಾರ. ಈಚಿನ ವರ್ಷಗಳಲ್ಲಿ ತಾಲ್ಲೂಕುಗಳು ಒಡೆದ ಮೇಲೆ ಜಿಲ್ಲೆಯ ಹೊರಗಡಿಯ ದೊಡ್ಡ ಭಾಗ ಹೊಸ ತಾಲ್ಲೂಕುಗಳ ಹೆಸರಿಗೆ ಹೋಗಿದೆ. ಧೂಳಖೇಡದ ಹತ್ತಿರ ಭೀಮೆ ದಾಟಿ ಸೋಲಾಪುರಕ್ಕೆ ಹೋಗುವ ಹೆದ್ದಾರಿ ಸೇತುವೆ 1884ರ ಭಾಷೆಯಲ್ಲಿ ಇಂಡಿ ತಾಲ್ಲೂಕಿನ ಅಂಚು, ಇಂದಿನ ಭಾಷೆಯಲ್ಲಿ ಚಡಚಣದ ಅಂಚು.

ಮೊಗಲಾಯಿಯ ಮಗ್ಗುಲು

ಮುದ್ದೇಬಿಹಾಳದ ಮೂಡಣ ಅಂಚನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ತಾಳಿಕೋಟೆ ದಾಟಿ ಹುಣಸಗಿ, ಸುರಪುರದ ಕಡೆಗೆ ಹೋಗುವ ಬಸ್ಸು ಇಂದು ವಿಜಯಪುರ ಜಿಲ್ಲೆಯಿಂದ ಯಾದಗಿರಿ ಜಿಲ್ಲೆಗೆ ಹೋಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಹಲಗೆಯೊಂದನ್ನು ಬಿಟ್ಟರೆ ಬೇರೆ ಗುರುತಿಲ್ಲ. 1858ರವರೆಗೆ ಆ ಗೆರೆಯಾಚೆ ಸುರಪುರದ ನಾಯಕರ ಆಳ್ವಿಕೆ ಇತ್ತು. ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತು, ಆ ವರ್ಷವೇ ತೀರಿಕೊಂಡ ಮೇಲೆ ಸೀಮೆ ಬ್ರಿಟಿಷರ ಕೈಸೇರಿತು. 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮನಿಗೆ ಕೊಟ್ಟರು. 1948ರ ನಂತರ ಅದು ಭಾರತ ಒಕ್ಕೂಟದೊಳಗಿನ ಹೈದರಾಬಾದ್ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದ ಗುಲ್ಬರ್ಗಾ ಜಿಲ್ಲೆ, ಗುಲ್ಬರ್ಗಾ ಒಡೆದ ಮೇಲೆ ಯಾದಗಿರಿ. ಗೆರೆಯಾಚೆಯ ಒಡೆತನ ಬದಲಾದ ಪ್ರತಿ ಸಲವೂ ಅದರ ದಾಖಲೆ ಬೇರೆ ಪುಸ್ತಕಕ್ಕೆ ಹೋಗಿ ಕೂತಿದೆ.

ಸುರಪುರದ ಕಾಲಕ್ಕೆ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ ಇದೆ. 1841ರಿಂದ 1853ರವರೆಗೆ ಅಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದವನು ಅವನು. ಪುಸ್ತಕ 1877ರಲ್ಲಿ ಹೊರಬಂತು. ಆದರೆ ಅವನು ಆಳಲು ಬಂದವನು ಎಂಬುದನ್ನು ಮರೆಯದೆ ಓದಬೇಕು. 1853 ಮತ್ತು 1860ರಲ್ಲಿ ನಿಜಾಮನ ಜೊತೆ ಆದ ಒಪ್ಪಂದಗಳಿಗೆ ಐಚಿಸನ್ ಎಂಬವನು ಒಟ್ಟುಮಾಡಿದ ಸಂಪುಟಗಳೇ ಗತಿ. ಮೊದಲನೆಯದರಲ್ಲಿ ರಾಯಚೂರು ದೋಆಬ ಬ್ರಿಟಿಷರ ವಶಕ್ಕೆ ಹೋಯಿತು, ಎರಡನೆಯದರಲ್ಲಿ ವಾಪಸು ಬಂತು. ಆ ಏಳು ವರ್ಷ ಮುದ್ದೇಬಿಹಾಳದ ಆಗ್ನೇಯಕ್ಕೆ, ಕೃಷ್ಣೆಯಾಚೆಗೆ, ನಿಜಾಮನ ಅಧಿಕಾರ ಇರಲಿಲ್ಲ. ಗೆಜೆಟಿಯರ್ ಒಂದನ್ನೇ ನಂಬಿ ಕೂತವರಿಗೆ ಇಂಥ ಸಂಗತಿಗಳು ಜಾರಿಹೋಗುತ್ತವೆ.

ಅಧಿಕಾರಿಯಾಗಿದ್ದ ಈ ಚಾರ್ಲ್ಸ್ ಐಚಿಸನ್ ಈಸ್ಟ್ ಇಂಡಿಯಾ ಕಂಪನಿ ಮತ್ತು ಭಾರತ ಸರಕಾರ ದೇಶೀಯ ರಾಜರ ಜೊತೆಗೆ, ನೆರೆಯ ದೇಶಗಳ ಜೊತೆಗೆ ಮಾಡಿಕೊಂಡ ಒಪ್ಪಂದ, ಕರಾರು, ಸನದುಗಳನ್ನು ಒಟ್ಟುಮಾಡಿ 1862ರಿಂದ ಕಲ್ಕತ್ತೆಯಲ್ಲಿ ಪ್ರಕಟಿಸತೊಡಗಿದ. ಮುಂದೆ ಅದು ಪರಿಷ್ಕರಣೆಗೊಂಡು ಹಲವು ಆವೃತ್ತಿ ಕಂಡಿತು. ಸಂಸ್ಥಾನದ ಹೆಸರು ಹಿಡಿದು ಹೋದರೆ ಮೊದಲು ಚಿಕ್ಕದೊಂದು ಇತಿಹಾಸ, ಅದರ ಬೆನ್ನಿಗೆ ಒಪ್ಪಂದಗಳ ಪೂರ್ತಿ ಪಾಠ ಸಿಗುತ್ತದೆ. ಇಂಡಿ, ಬಾಗೇವಾಡಿಯವರು ಇದರಲ್ಲಿ ಹೈದರಾಬಾದಿನ ಜೊತೆಗೆ ಸಾತಾರೆಯ ಭಾಗವನ್ನೂ ತೆರೆಯಬೇಕು. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದಾಗ ಬಿಜಾಪುರದ ಸುತ್ತಲಿನ ಸೀಮೆ ಸಾತಾರೆಯ ರಾಜನಿಗೆ ಹೋಯಿತು, 1848ರಲ್ಲಿ ಸಾತಾರೆ ಬ್ರಿಟಿಷರ ಪಾಲಾದಾಗ ಅದೂ ಪಾಲಾಯಿತು. 1819ರ ಸೆಪ್ಟೆಂಬರ್ 25ರ ಸಾತಾರೆಯ ಒಪ್ಪಂದ ಈ ಭಾಗದ ಗಡಿಗೆ ಮೂಲ ದಸ್ತಾವೇಜುಗಳಲ್ಲಿ ಒಂದು. ಅದೃಷ್ಟಕ್ಕೆ ಐಚಿಸನ್ನನ ಹಳೆಯ ಆವೃತ್ತಿಗಳೂ 1884ರ ಗೆಜೆಟಿಯರೂ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಈ ಭಾಗದ ಹಿರಿಯರ ಬಾಯಲ್ಲಿ ನಿಜಾಮನ ಸೀಮೆಗೆ ಮೊಗಲಾಯಿ ಎಂದೇ ಹೆಸರು. ಸಿಂದಗಿ, ಆಲಮೇಲದ ಹೊಳೆದಂಡೆಯ ಊರುಗಳಿಗೆ ಭೀಮೆಯಾಚೆಯ ಅಫಜಲಪುರ ಮೊಗಲಾಯಿ. ಬೀಗತನ ಎರಡೂ ಕಡೆ, ದೇವರು ಎರಡೂ ಕಡೆ. ಗಾಣಗಾಪುರದ ದತ್ತನ ದರ್ಶನಕ್ಕೆ ಈ ದಂಡೆಯವರು ಆ ದಂಡೆಗೇ ಹೋಗಬೇಕು. ಆದರೆ ಆಚೆ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ, ಸರಕಿನ ಮೇಲೆ ಕರೋಡಗಿರಿ ಸುಂಕ, ಕಚೇರಿಯಲ್ಲಿ ಉರ್ದು.

1947ರ ಆಗಸ್ಟ್ 15ರಂದು ಈ ಗೆರೆಗೆ ಇನ್ನೊಂದು ತೂಕ ಬಂತು. ಸಿಂದಗಿ, ಮುದ್ದೇಬಿಹಾಳಗಳು ಸ್ವತಂತ್ರ ಭಾರತದೊಳಗಿದ್ದವು. ಅಫಜಲಪುರ, ಜೇವರ್ಗಿ, ಸುರಪುರಗಳು ಭಾರತಕ್ಕೆ ಸೇರಲೊಪ್ಪದ ನಿಜಾಮನ ಕೈಯಲ್ಲಿ ಉಳಿದವು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ರಜಾಕಾರರ ಹಾವಳಿಗೆ ಹೆದರಿದ ಸಂಸಾರಗಳು ಗಡಿ ದಾಟಿ ಈಚೆ ಬಂದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರು ಶಿಬಿರ ಹೂಡಿದರು. 1948ರ ಆಗಸ್ಟಿನಲ್ಲಿ ಹೈದರಾಬಾದ್ ಸರಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು, ತಾನು ಬೇರೆ ದೇಶ ಎಂಬ ಹಕ್ಕಿನ ಮೇಲೆ. ಭಾರತ ಆ ಹಕ್ಕನ್ನು ಎಂದೂ ಒಪ್ಪಲಿಲ್ಲ. ಸೆಪ್ಟೆಂಬರ್ 13ರಂದು ಸೇನೆ ಒಳಹೊಕ್ಕಿತು, 17ರಂದು ನಿಜಾಮ ಸೋಲೊಪ್ಪಿದ. ಆ ಹದಿಮೂರು ತಿಂಗಳು ಸಿಂದಗಿಯ ರೈತ ತನ್ನ ಹೊಲದ ಬದುವಿನಾಚೆ ನೋಡುತ್ತಿದ್ದದ್ದು ಇನ್ನೊಂದು ದೇಶವೆಂದು ಹೇಳಿಕೊಳ್ಳುತ್ತಿದ್ದ ನೆಲವನ್ನು.

ಈ ಅವಧಿಗೆ ಆಕರಗಳಿಗೆ ಬರವಿಲ್ಲ. 1948ರಲ್ಲಿ ಭಾರತ ಸರಕಾರ ಹೈದರಾಬಾದಿನ ಮೇಲೆ ಹೊರತಂದ ಶ್ವೇತಪತ್ರವಿದೆ. ವಿ. ಪಿ. ಮೆನನ್ ಅವರ 1956ರ ಪುಸ್ತಕವಿದೆ. ಹೈದರಾಬಾದಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಕೆ. ಎಂ. ಮುನ್ಶಿ ಅವರ ನೆನಪುಗಳಿವೆ. ಭದ್ರತಾ ಮಂಡಳಿಯ ನಡಾವಳಿಗಳು ವಿಶ್ವಸಂಸ್ಥೆಯ ಕಡತದಲ್ಲಿವೆ. ಕನ್ನಡದಲ್ಲಿ ಎಚ್. ಎಸ್. ಗೋಪಾಲರಾವ್ ಅವರ ಏಕೀಕರಣದ ಇತಿಹಾಸ ಆ ಕಾಲವನ್ನು ಹಿಡಿದಿಡುತ್ತದೆ.

ಕಚ್ಛದ ಪಾಠ

ಹಳೆಯ ಗೆಜೆಟಿಯರು, ಹಳೆಯ ನಕಾಶೆ ಇಟ್ಟುಕೊಂಡು ಏನು ಮಾಡುವುದು ಎನ್ನುವವರು ಕಚ್ಛದ ರಣದ ಮೊಕದ್ದಮೆಯನ್ನು ಓದಬೇಕು. ಸಿಂಧ್ ಬ್ರಿಟಿಷ್ ಪ್ರಾಂತ್ಯ, ಕಚ್ಛ ದೇಶೀಯ ಸಂಸ್ಥಾನ. ಅವೆರಡರ ನಡುವಿನ ಗೆರೆಯ ಸ್ವರೂಪ ಬಿಜಾಪುರಕ್ಕೂ ನಿಜಾಮನ ಸೀಮೆಗೂ ನಡುವೆ ಇದ್ದ ಗೆರೆಯಂಥದ್ದೇ. ಒಂದು ಕಡೆ ಸರಕಾರಿ ಮುಲುಕು, ಇನ್ನೊಂದು ಕಡೆ ಸಂಸ್ಥಾನ. 1947ರಲ್ಲಿ ಅದು ಎರಡು ದೇಶಗಳ ಗಡಿಯಾಯಿತು. 1965ರ ವಸಂತದಲ್ಲಿ ಅಲ್ಲಿ ಗುಂಡು ಹಾರಿತು. ಜಗಳ ಮೂವರು ಸದಸ್ಯರ ನ್ಯಾಯಮಂಡಳಿಗೆ ಹೋಯಿತು: ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್, ಇರಾನಿನ ನಸ್ರುಲ್ಲಾ ಇಂತೆಜಾಮ್, ಯುಗೊಸ್ಲಾವಿಯಾದ ಅಲೆಶ್ ಬೆಬ್ಲರ್. 1968ರ ಫೆಬ್ರುವರಿ 19ರಂದು ತೀರ್ಪು ಬಂತು. ತಂಟೆಯ ನೆಲದ ಸುಮಾರು ಶೇ 90ರಷ್ಟು ಭಾರತಕ್ಕೆ, ಉಳಿದದ್ದು ಪಾಕಿಸ್ತಾನಕ್ಕೆ.

ಆ ತೀರ್ಪಿನ ಪುಟಗಳಲ್ಲಿ ವಾದ ನಡೆದಿರುವುದು 1855ರಿಂದ 1870ರ ನಡುವಿನ ಮ್ಯಾಕ್‌ಡೊನಾಲ್ಡ್ ಸರ್ವೆ ಏನು ತೋರಿಸಿತು, 1904–05ರ ಎರ್‌ಸ್ಕಿನ್ ಸರ್ವೆ ಎಲ್ಲಿ ಗೆರೆ ಎಳೆಯಿತು, 1914ರ ಮುಂಬಯಿ ಸರಕಾರದ ನಿರ್ಣಯದ ಅರ್ಥವೇನು ಎಂಬುದರ ಮೇಲೆ. ಮುಂಬಯಿ ಪ್ರಾಂತ್ಯದ ಕಚೇರಿಗಳಲ್ಲಿ ಧೂಳು ಹಿಡಿದಿದ್ದ ಕಡತಗಳು ಅಲ್ಲಿ ಎರಡು ದೇಶಗಳ ಪರವಾಗಿ ಸಾಕ್ಷಿ ನುಡಿದವು. ವಿಶ್ವಸಂಸ್ಥೆ ಪ್ರಕಟಿಸುವ ಅಂತರರಾಷ್ಟ್ರೀಯ ಪಂಚಾಯ್ತಿ ತೀರ್ಪುಗಳ ಮಾಲೆಯ 17ನೇ ಸಂಪುಟವನ್ನು ಬಹುಪಾಲು ಆಕ್ರಮಿಸಿರುವ ಈ ತೀರ್ಪು ಯಾರಿಗಾದರೂ ಉಚಿತ. ಗಡಿಯ ದಾಖಲೆ ಓದುವುದು ಹೇಗೆಂದು ಕಲಿಯಲು ಭಾರತೀಯ ಓದುಗರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಊರಿನ ನ್ಯಾಯಾಲಯಗಳಿಗೂ ಈ ರೂಢಿ ಹೊಸದಲ್ಲ. 1872ರ ಸಾಕ್ಷ್ಯ ಕಾಯ್ದೆಯ 57ನೇ ಕಲಮು ಸಾರ್ವಜನಿಕ ಇತಿಹಾಸದ ಪ್ರಶ್ನೆ ಬಂದಾಗ ತಕ್ಕ ಆಕರ ಗ್ರಂಥಗಳ ನೆರವು ಪಡೆಯಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತ್ತು, 83ನೇ ಕಲಮು ಸರಕಾರಿ ನಕಾಶೆಗಳು ಸರಿಯಾಗಿವೆ ಎಂದು ಬಗೆಯಲು ಹೇಳಿತ್ತು.

ದೇಶಗಳ ಗಡಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಕರ್ಜನ್ 1907ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಗಡಿನಾಡುಗಳ ಮೇಲಿನ ಭಾಷಣ, ವಾಯವ್ಯ ಗಡಿಯಲ್ಲಿ ಸರ್ವೆ ಮಾಡಿದ್ದ ಥಾಮಸ್ ಹೋಲ್ಡಿಚ್ 1916ರಲ್ಲಿ ಬರೆದದ್ದು, ಬಾಗ್ಸ್ 1940ರಲ್ಲಿ ಬರೆದದ್ದು, ಆಫ್ರಿಕಾದ ಗಡಿಗಳಿಗೆ ಇಯಾನ್ ಬ್ರೌನ್ಲಿಯ 1979ರ ವಿಶ್ವಕೋಶ, ಏಷ್ಯಾಕ್ಕೆ ಪ್ರೆಸ್ಕಾಟ್ ಮತ್ತು ಅಲಾಸ್ಟೇರ್ ಲ್ಯಾಂಬ್. ಇವೆಲ್ಲದರೊಳಗೆ ಒಂದನ್ನೇ ಆರಿಸು ಎಂದರೆ ಸ್ಟೀಫನ್ ಜೋನ್ಸ್ 1945ರಲ್ಲಿ ಹೊರತಂದ ಗಡಿ ನಿರ್ಮಾಣದ ಕೈಪಿಡಿಯನ್ನು ಆರಿಸಬೇಕು. ಅವನು ಬರೆದದ್ದು ಒಪ್ಪಂದದ ಕರಡು ತಯಾರಿಸುವವರಿಗೆ, ನೆಲದಲ್ಲಿ ಕಲ್ಲು ನೆಡುವವರಿಗೆ. ನೆಲವನ್ನು ಹಂಚುವುದು, ಗೆರೆಯನ್ನು ಮಾತಿನಲ್ಲಿ ವಿವರಿಸುವುದು, ನೆಲದ ಮೇಲೆ ಗುರುತು ಹಾಕುವುದು, ಆಮೇಲೆ ಅದನ್ನು ಕಾಪಾಡಿಕೊಂಡು ಹೋಗುವುದು ಎಂದು ಅವನು ನಾಲ್ಕು ಹಂತಗಳನ್ನು ಬೇರೆಮಾಡಿ ತೋರಿಸಿದ. ಈ ಕಣ್ಣಿನಿಂದ ನೋಡಿದರೆ ಇಂಡಿಯ ಗಡಿಯ ಸ್ವಭಾವ ಸ್ಪಷ್ಟವಾಗುತ್ತದೆ. 1956ರ ಕಾಯ್ದೆ ಹಂಚಿತು, ವಿವರಿಸಲಿಲ್ಲ. ಗುರುತು ಹಾಕುವ ಕೆಲಸ ಅದಕ್ಕಿಂತ ನೂರು ವರ್ಷ ಹಿಂದೆಯೇ ಕಂದಾಯ ಸರ್ವೆಯವರು ಮಾಡಿ ಮುಗಿಸಿದ್ದರು.

ಹೊಳೆ ಹದ್ದಾದಲ್ಲಿ ಇನ್ನೊಂದು ಪೇಚು. ನದಿ ನಿಧಾನವಾಗಿ ಸರಿದರೆ ಗಡಿಯೂ ಅದರ ಜೊತೆ ಸರಿಯುತ್ತದೆ, ಒಮ್ಮೆಲೇ ಹಾದಿ ಬಿಟ್ಟು ಹೊಸ ಪಾತ್ರ ಹಿಡಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ ಎಂಬುದು ದೇಶಗಳ ನಡುವೆ ಒಪ್ಪಿತವಾದ ನಿಯಮ. ಅಮೆರಿಕ ಮತ್ತು ಮೆಕ್ಸಿಕೊ ನಡುವೆ ರಿಯೊ ಗ್ರಾಂಡೆ ನದಿ 1864ರ ಪ್ರವಾಹದಲ್ಲಿ ಸರಿದು ಚಮಿಸಾಲ್ ಎಂಬ ತುಂಡು ನೆಲ ಅತ್ತಿಂದಿತ್ತ ಆಯಿತು. 1911ರಲ್ಲಿ ಪಂಚಾಯ್ತಿ ತೀರ್ಪು ಬಂದರೂ ಅಮೆರಿಕ ಒಪ್ಪಲಿಲ್ಲ. 1963ರ ಒಪ್ಪಂದದಲ್ಲಷ್ಟೇ ಅದು ಬಗೆಹರಿಯಿತು. ಭೀಮೆಯ ದಂಡೆಯವರಿಗೆ ಈ ಕಥೆ ದೂರದ್ದೆನಿಸುವುದಿಲ್ಲ. 2020ರ ಅಕ್ಟೋಬರ್ ಪ್ರವಾಹದಲ್ಲಿ ಹೊಲಗಳ ಮಣ್ಣು ಕೊಚ್ಚಿಹೋದದ್ದನ್ನು ಇಂಡಿ, ಸಿಂದಗಿಯ ಹೊಳೆಸಾಲಿನ ಊರುಗಳು ಕಣ್ಣಾರೆ ಕಂಡಿವೆ. ದಂಡೆಯ ಹೊಲದ ಉತಾರದಲ್ಲಿ ಎಷ್ಟು ಎಕರೆ ಇದೆ, ನೀರಿನಿಂದ ಈಚೆಗೆ ಎಷ್ಟು ಉಳಿದಿದೆ ಎಂಬ ಲೆಕ್ಕ ತಾಳೆಯಾಗದ ರೈತನಿಗೆ ನದಿಗಡಿಯ ಕಾನೂನು ಹೊಟ್ಟೆಪಾಡಿನ ಪ್ರಶ್ನೆ.

ನಾಲ್ಕು ಹಾಳೆ ಕೂಡುವ ಜಾಗ

ಪುಸ್ತಕದಿಂದ ನಕಾಶೆಗೆ ಬಂದರೆ ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ವಿಚಿತ್ರವಾಗಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಪದ್ಧತಿಯಲ್ಲಿ ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ನೆಲಕ್ಕೆ ಒಂದು ಹಾಳೆ, ಅದರ ಮೇಲೆ ಒಂದು ಅಂಕಿ, ಒಂದು ಅಕ್ಷರ. ಉತ್ತರ ಅಕ್ಷಾಂಶ 17 ಡಿಗ್ರಿ, ಪೂರ್ವ ರೇಖಾಂಶ 76 ಡಿಗ್ರಿ ಒಂದನ್ನೊಂದು ಕತ್ತರಿಸುವ ಬಿಂದು ಇಂಡಿ ಪಟ್ಟಣದ ದಕ್ಷಿಣಕ್ಕೆ, ಸಿಂದಗಿಯ ಪಶ್ಚಿಮಕ್ಕೆ ಬೀಳುತ್ತದೆ. ನಾಲ್ಕು ಹಾಳೆಗಳು ಅಲ್ಲೇ ಕೂಡುತ್ತವೆ. ಹೀಗಾಗಿ ಇಂಡಿ 47 ಓ ಹಾಳೆಯಲ್ಲಿ, ಬಸವನ ಬಾಗೇವಾಡಿ 47 ಪಿಯಲ್ಲಿ, ಸಿಂದಗಿ ಮತ್ತು ಮುದ್ದೇಬಿಹಾಳ 56 ಡಿಯಲ್ಲಿ, ಆಲಮೇಲದ ಕಡೆಯ ಭೀಮಾದಂಡೆ 56 ಸಿಯಲ್ಲಿ. ಒಂದೇ ಹಾಳೆ ತರಿಸಿಕೊಂಡವರಿಗೆ ಗಡಿ ಅರ್ಧಕ್ಕೇ ನಿಲ್ಲುತ್ತದೆ. ಒಂದೊಂದು ಡಿಗ್ರಿ ಹಾಳೆಯೂ ಮತ್ತೆ ಹದಿನಾರು ಚಿಕ್ಕ ಹಾಳೆಗಳಾಗಿ ಒಡೆಯುತ್ತದೆ; ಊರಿನ ಮಟ್ಟದ ವಿವರಕ್ಕೆ ಬೇಕಾದದ್ದು ಇವು. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಸಾರ್ವಜನಿಕರಿಗೆ ಬೇರೆ ಮಾಲೆ ಬಂತು, ಹಾಳೆಗಳ ಸಂಖ್ಯೆಯೂ ಬದಲಾಯಿತು. ಹಳೆಯ ಪುಸ್ತಕ 56 ಡಿ ಎಂದದ್ದನ್ನು ಹೊಸ ಮಾಲೆಯಲ್ಲಿ ಹುಡುಕುವಾಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸ್ವಾತಂತ್ರ್ಯದ ಆಸುಪಾಸಿನ ಸ್ಥಿತಿ ನೋಡಬಯಸುವವರಿಗೆ ಅಮೆರಿಕದ ಸೇನಾ ನಕಾಶೆ ವಿಭಾಗ ಭಾರತದ ಸರ್ವೆ ಹಾಳೆಗಳನ್ನು ಆಧರಿಸಿ ತಯಾರಿಸಿದ ಮಾಲೆಯೊಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಸಿಗುತ್ತದೆ.

ಆದರೆ ನಿಜವಾದ ಗಡಿ ಇರುವುದು ಇದಕ್ಕಿಂತ ಕೆಳಗೆ, ಊರ ನಕಾಶೆಯಲ್ಲಿ.

ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಊರ ನಕಾಶೆಯೊಂದನ್ನು ಬಿಡಿಸಿ ಹರಡಿದರೆ ಕಾಣುವುದು ಇದು: ಮೈಲಿಗೆ ಎಂಟು ಅಂಗುಲದ ಅಳತೆ, ನಡುವೆ ಗೌಠಾಣ, ಸುತ್ತ ಸರ್ವೆ ನಂಬರುಗಳ ತುಂಡುತುಂಡು ಹೊಲ, ಹಳ್ಳ, ಬಾವಿ, ಗಾಡಿದಾರಿ, ಮೂಲೆಮೂಲೆಗೆ ಕಲ್ಲಿನ ಗುರುತು. ಅಂಚಿನ ಗೆರೆಯಾಚೆ ಬಿಳಿ ಜಾಗದಲ್ಲಿ ಪಕ್ಕದ ಊರಿನ ಹೆಸರು ಬರೆದಿರುತ್ತದೆ, ಅಷ್ಟೇ. ಮೂರು ಊರಿನ ಹದ್ದು ಕೂಡುವ ಕಲ್ಲಿಗೆ ವಿಶೇಷ ಬೆಲೆ, ಅಳತೆ ಮತ್ತೆ ಹಿಡಿಯುವಾಗ ಭೂಮಾಪಕರು ಮೊದಲು ಹುಡುಕುವುದು ಅಂಥ ಕಲ್ಲನ್ನು. ನಕಾಶೆಯ ಹಿಂದೆ ಟಿಪ್ಪಣಿ ಇದೆ, ಒಂದೊಂದು ನಂಬರಿನ ಅಳತೆಯನ್ನು 33 ಅಡಿಯ ಸರಪಳಿ, ಆಣೆಗಳಲ್ಲಿ ಬರೆದಿಟ್ಟದ್ದು. ಸರಪಳಿಗೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಅದರ ಜೊತೆಗೆ ಒಂದೊಂದು ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಆಕಾರಬಂದ್. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಶುರುಮಾಡಿದ ಪದ್ಧತಿಯ ಫಲ ಇದು, 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳಿವೆ. ನಿಜಾಮನ ಸರಕಾರವೂ ಮುಂದೆ ಇದೇ ಮಾದರಿಯಲ್ಲಿ ಸರ್ವೆ ಮಾಡಿಸಿತು.

ದೊಡ್ಡ ಗಡಿಯೆಂಬುದು ಇಂಥ ನೂರಾರು ಊರುಗಳ ಚಿಕ್ಕ ಅಂಚುಗಳನ್ನು ಪೋಣಿಸಿದ ಮಾಲೆ. ಈ ಊರ ನಕಾಶೆಗಳ ಸ್ಕ್ಯಾನ್ ಪ್ರತಿಗಳನ್ನು ಕರ್ನಾಟಕದ ಭೂದಾಖಲೆ ಇಲಾಖೆ ಅಂತರ್ಜಾಲದಲ್ಲಿ ಹಾಕಿದೆ. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಸರ್ವೆ ನಂಬರೇ ತೋರುತ್ತದೆ. ಹೊಲದ ಹದ್ದುಬಸ್ತಿಗೆ ಮೋಜಣಿದಾರರೇ ಬಂದು ಅಳೆಯಬೇಕು, ಅದು ಬೇರೆ ಮಾತು. ಓದುವವರಿಗೆ ಕಷ್ಟವಾಗುವುದು ಗೆರೆಯ ಎರಡೂ ಬದಿಯ ದಾಖಲೆ ಒಟ್ಟಿಗೆ ಬೇಕೆಂದಾಗ. ಪೇಶ್ವೆ, ಸಾತಾರೆ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿ, ಪುಣೆಯ ದಫ್ತರದಲ್ಲಿ. ನಿಜಾಮನ ಕಾಲದವು ಫಾರಸಿ, ಉರ್ದುವಿನಲ್ಲಿ, ಹೈದರಾಬಾದಿನ ತಾರನಾಕಾದ ಪತ್ರಾಗಾರದಲ್ಲಿ. ಪ್ರಾಂತ್ಯ ಸರಕಾರದ ಇಂಗ್ಲಿಷ್ ಕಡತಗಳು ಮುಂಬಯಿಯಲ್ಲಿ. ಸಿಂದಗಿಯ ಒಂದು ಊರಿನ ಹದ್ದನ್ನು ಇನ್ನೂರು ವರ್ಷ ಹಿಂದಕ್ಕೆ ಓದಬೇಕೆಂದರೆ ಕನ್ನಡದ ಜೊತೆಗೆ ಇಷ್ಟೆಲ್ಲ ಬೇಕು.

ಇನ್ನೂ ಹಿಂದಕ್ಕೆ ಹೋದರೆ ದಾರಿ ಮತ್ತೆ ಕನ್ನಡಕ್ಕೇ ಬರುತ್ತದೆ. ದಾನಶಾಸನಗಳು ಕೊಟ್ಟ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೂ ಕಲ್ಲು, ಮರ, ಹಳ್ಳ, ಕೆರೆಗಳ ಗುರುತಿನಿಂದ ಹೇಳುತ್ತವೆ. ದಕ್ಷಿಣ ಭಾರತ ಶಾಸನ ಮಾಲೆಯ 11, 15, 18, 20ನೇ ಸಂಪುಟಗಳು ಮುಂಬಯಿ ಕರ್ನಾಟಕದ ಶಾಸನಗಳಿಗೇ ಮೀಸಲಾಗಿವೆ. ತರ್ದವಾಡಿ ಸಾಸಿರ ಎಂಬ ಹಳೆಯ ನಾಡಿಗೆ ಹೆಸರು ಕೊಟ್ಟ ಊರು ಭೀಮೆಯ ದಂಡೆಯ ತದ್ದೇವಾಡಿ. ಇಂಡಿಯ ಪಕ್ಕದ ಸಾಲೋಟಗಿಯ 945ರ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಅಲ್ಲಿದ್ದ ವಿದ್ಯಾಶಾಲೆಯನ್ನೂ ಅಲ್ಲಿಗೆ ಬೇರೆಬೇರೆ ನಾಡುಗಳಿಂದ ಓದಲು ಬರುತ್ತಿದ್ದವರಿಗಾಗಿ ಬಿಟ್ಟ ಭೂಮಿ, ಮನೆಗಳನ್ನೂ ದಾಖಲಿಸುತ್ತದೆ. ಪರನಾಡಿನವರು ಓದಲು ಬರುತ್ತಿದ್ದ ನೆಲದವರು ಇಂದು ತಮ್ಮ ಹದ್ದಿನ ಪುಸ್ತಕ ಓದಲು ಪರವೂರಿಗೆ ಹೋಗಬೇಕಾಗಿರುವುದು ನೋವಿನ ಮಾತು.

ಗೆರೆ ದಾಟಿದ ತುಣುಕುಗಳು

ಸಂಸ್ಥಾನಗಳ ಕಾಲದಲ್ಲಿ ದಖ್ಖನ್ನಿನ ಗಡಿ ಒಂದೇ ಗೆರೆಯಾಗಿರಲಿಲ್ಲ. ಒಬ್ಬರ ನೆಲದ ನಡುವೆ ಇನ್ನೊಬ್ಬರ ಊರುಗಳಿದ್ದವು. ಸೋಲಾಪುರ ಜಿಲ್ಲೆಯ ಬಾರ್ಶಿ ತಾಲ್ಲೂಕಿನ ಸುತ್ತ ನಿಜಾಮನ ಸೀಮೆಯೇ ಇತ್ತು. ಜತ್ತ, ಅಕ್ಕಲಕೋಟಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೂ ಇಂಥ ನಡುಗಡ್ಡೆಗಳು ಉಳಿದಿದ್ದವು. 1950ರ ಜನವರಿಯಲ್ಲಿ, ಸಂವಿಧಾನ ಜಾರಿಗೆ ಬರುವ ಹೊಸ್ತಿಲಲ್ಲಿ, ಪ್ರಾಂತ್ಯ ಮತ್ತು ಸಂಸ್ಥಾನಗಳೊಳಗಿನ ನಡುಗಡ್ಡೆಗಳನ್ನು ಸುತ್ತಲಿನ ನೆಲಕ್ಕೆ ಸೇರಿಸುವ ಆದೇಶ ಹೊರಟಿತು. ಒಂದೇ ದೇಶದೊಳಗಿನ ಮಾತಾದ್ದರಿಂದ ಕಾಗದದ ಮೇಲೆ ಕೆಲಸ ಮುಗಿಯಿತು. ಕೂಚ್ ಬಿಹಾರದ ನಡುಗಡ್ಡೆಗಳ ಹಣೆಬರಹ ಬೇರೆಯಾಯಿತು. ಅವುಗಳ ನಡುವೆ ರಾಡ್‌ಕ್ಲಿಫ್ ಗೆರೆ ಹಾದುಹೋಗಿತ್ತು. 1974ರಲ್ಲಿ ಭಾರತ, ಬಾಂಗ್ಲಾದೇಶಗಳು ಒಪ್ಪಂದ ಮಾಡಿಕೊಂಡರೂ ಬಾಂಗ್ಲಾದೊಳಗಿನ ಭಾರತದ 111, ಭಾರತದೊಳಗಿನ ಬಾಂಗ್ಲಾದ 51 ತುಣುಕುಗಳು ಅದಲುಬದಲಾಗಲು 2015ರ ಜುಲೈ 31ರ ನಡುರಾತ್ರಿಯವರೆಗೆ ಕಾಯಬೇಕಾಯಿತು. ಅದಕ್ಕೆ ಸಂವಿಧಾನದ 100ನೇ ತಿದ್ದುಪಡಿಯೇ ಬೇಕಾಯಿತು. ಆ ಜನ ಅಷ್ಟೂ ವರ್ಷ ಶಾಲೆ, ಆಸ್ಪತ್ರೆ, ಗುರುತಿನ ಚೀಟಿಗಳಿಗೆ ಪಟ್ಟ ಪಾಡು ನೆನೆದರೆ 1950ರ ಆ ಆದೇಶದ ಬೆಲೆ ತಿಳಿಯುತ್ತದೆ.

ಇಂಡಿಯ ಬಡಗಣ, ಪಡುವಣ ಅಂಚಿನ ಈಚಿನ ಚರಿತ್ರೆಗೆ ಎರಡು ವರದಿ ಸಾಕು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ಕೊಟ್ಟದ್ದು ಒಂದು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮೆಹರ್ ಚಂದ್ ಮಹಾಜನ್ 1967ರಲ್ಲಿ ಕೊಟ್ಟದ್ದು ಇನ್ನೊಂದು. ಮಹಾಜನ ವರದಿ ಎಂದರೆ ಬೆಳಗಾವಿ ಎಂದೇ ಎಲ್ಲರ ನೆನಪು. ಅದು 264 ಊರುಗಳನ್ನು ಮಹಾರಾಷ್ಟ್ರಕ್ಕೆ, 247 ಊರುಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಕರ್ನಾಟಕಕ್ಕೆ ಬರಬೇಕಾದವುಗಳಲ್ಲಿ ಭೀಮೆಯಾಚೆಯ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಪಡುವಣದ ಜತ್ತದ ಊರುಗಳಿದ್ದವು. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಕಲಕೋಟ, ಜತ್ತಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ, ಕನ್ನಡದಲ್ಲೇ ಸಂತೆ ನಡೆಯುತ್ತದೆ. ವರದಿಯನ್ನು ಭಾಷಣಗಳಲ್ಲಿ ಕೇಳಿದವರು ಲಕ್ಷಾಂತರ, ಪುಟ ತಿರುವಿ ನೋಡಿದವರು ಬೆರಳೆಣಿಕೆಯಷ್ಟು.

ಬಸವನ ಬಾಗೇವಾಡಿಗೆ ಹೊರಗಡಿಯ ಗೊಡವೆ ಇರಲಿಲ್ಲ. ಸುತ್ತ ಸ್ವಂತ ಜಿಲ್ಲೆಯ ತಾಲ್ಲೂಕುಗಳು, ತೆಂಕಣಕ್ಕೆ ಕೃಷ್ಣೆ. 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಆ ಕೃಷ್ಣೆಯೇ ಜಿಲ್ಲೆಗಳ ಗಡಿಯಾಯಿತು. ಅಷ್ಟರಲ್ಲಿ ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಗಡಿಯಾಗಬೇಕಿದ್ದ ಹಳೆಯ ನದಿಪಾತ್ರವೂ ಎರಡೂ ದಂಡೆಯ ಸರ್ವೆ ನಂಬರುಗಳೂ ಊರುಗಳೂ ಹಿನ್ನೀರಿನಡಿ ಹೋದವು. ಕೊಲ್ಹಾರದಂಥ ಊರು ಮೇಲಕ್ಕೆ ಸರಿದು ಹೊಸದಾಗಿ ನೆಲೆಯಾಯಿತು. ಮುಳುಗಿದ ಊರುಗಳ ಹದ್ದು ಇನ್ನು ಉಳಿದಿರುವುದು ನಕಾಶೆ ಮತ್ತು ಟಿಪ್ಪಣಿಗಳಲ್ಲಿ ಮಾತ್ರ. ಆ ಹಾಳೆಗಳು ಹರಿದುಹೋದರೆ ಅಳೆದು ನೋಡಲು ನೆಲವೇ ಇಲ್ಲ. ಗಡಿ ದಾಖಲೆಗಳ ಸಂರಕ್ಷಣೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ ಮೊದಲ ಉತ್ತರ ಈ ಮುಳುಗಡೆ ಊರುಗಳು.

ಇವೆಲ್ಲ ಒಂದೆಡೆ ಸಿಗುವಂತೆ ಮಾಡಲು ಕೋಟಿಗಟ್ಟಲೆ ಹಣ ಬೇಕಿಲ್ಲ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಫ. ಗು. ಹಳಕಟ್ಟಿ ಸಂಶೋಧನಾ ಕೇಂದ್ರ ಆದಿಲ್‌ಶಾಹಿ ಕಾಲದ ಫಾರಸಿ, ಉರ್ದು, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತಂದು ಸಂಪುಟ ಸಂಪುಟವಾಗಿ ಪ್ರಕಟಿಸಿದೆ. ಅರಮನೆಯ ಸಾಹಿತ್ಯಕ್ಕೆ ಸಾಧ್ಯವಾದದ್ದು ಹದ್ದಿನ ಕಾಗದಗಳಿಗೂ ಸಾಧ್ಯವಾಗಬೇಕು. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಜನ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದಾರೆ. ರಾಜ್ಯಕ್ಕೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. 1884ರ ಸಂಪುಟ, 1966ರ ಬಿಜಾಪುರ ಜಿಲ್ಲಾ ಗೆಜೆಟಿಯರ್, ಐಚಿಸನ್ನನ ಹೈದರಾಬಾದ್ ಮತ್ತು ಸಾತಾರೆ ಭಾಗಗಳು, ಫಜಲ್ ಅಲಿ ಮತ್ತು ಮಹಾಜನ ವರದಿಗಳು, ಶಾಸನ ಸಂಪುಟಗಳು, ಕಚ್ಛದ ತೀರ್ಪು, ತಾಲ್ಲೂಕಿನ ಎಲ್ಲ ಊರುಗಳ ನಕಾಶೆಯ ಅಚ್ಚುಪ್ರತಿ: ಇಷ್ಟಕ್ಕೆ ಒಂದು ಕಪಾಟು ಸಾಕು. ನಾಲ್ಕು ತಾಲ್ಲೂಕಿಗೆ ನಾಲ್ಕು ಕಪಾಟು.

ಕನ್ನಡಕ್ಕೆ ಮೊದಲು ಬರಬೇಕಾದದ್ದು ಮಹಾಜನ ವರದಿಯ ಅಕ್ಕಲಕೋಟ, ಜತ್ತ, ಸೋಲಾಪುರದ ಅಧ್ಯಾಯಗಳು, ಊರುಗಳ ಪಟ್ಟಿ ಸಮೇತ. ಎರಡನೆಯದಾಗಿ, ಭೀಮೆಯ ಈ ದಂಡೆಯ ಊರ ನಕಾಶೆಯನ್ನು ಮಹಾರಾಷ್ಟ್ರದ ಭೂಮಿ ಅಭಿಲೇಖ ಇಲಾಖೆಯಲ್ಲಿರುವ ಆ ದಂಡೆಯ ನಕಾಶೆಯ ಪಕ್ಕದಲ್ಲಿಟ್ಟು ಎದುರುಬದುರು ಪುಟಗಳಲ್ಲಿ ಅಚ್ಚುಹಾಕುವ ಕೆಲಸ. ಧೂಳಖೇಡದಿಂದ ಹೊಳೆಗುಂಟ ಮೂಡಣಕ್ಕೆ, ಊರಿಂದೂರಿಗೆ ಅದನ್ನು ಮಾಡುತ್ತ ಹೋಗಬಹುದು.